ಹದಿನೇಳು ಭಾಗಗಳ ಸರಳ ಬರ್ನರು

ಸರಳವೂ, ದೀರ್ಘ ಬಾಳಿಕೆಯದೂ, ದಕ್ಷವೂ ಆದ ಗ್ಯಾಸ್ ಬರ್ನರೊಂದನ್ನು ರೂಪಿಸುವ ಸಲುವಾಗಿ ಇಪ್ಪತ್ತೆರಡು ವರ್ಷಗಳ ಹಿಂದೆ ಸ್ಥಾಪಿತವಾದ ಬರ್ನರ್ ಸುಧಾರಣಾ ಸಂಸ್ಥೆಯಲ್ಲಿ ಈವರೆಗೆ ಒಂದೇ ಒಂದು ಬೆಂಕಿ ಅನಾಹುತವೂ ಸಂಭವಿಸಿಲ್ಲ. ಸಂಸ್ಥೆಯ ಕಟ್ಟಡದಲ್ಲಿ ಬೆಂಕಿ ಹೊತ್ತಿಸುವುದು ನಿಷಿದ್ಧವಾಗಿರುವುದೇ ಇದಕ್ಕೆ ಕಾರಣ. ಗೇಟಿನ ಕಾವಲುಗಾರ ಬಂದವರ ಜೇಬು ತಡವಿ ಬೆಂಕಿಪೊಟ್ಟಣ ತೆಗೆದಿಟ್ಟುಕೊಂಡು, ಹೋಗುವಾಗ ವಾಪಸ್ಸು ಕೊಡುತ್ತಾನೆ. ಕಡ್ಡಿ ಎಣಿಸಿಯೇ ಕೊಡುತ್ತಾನೆ, ಸುಳ್ಳು ಹೇಳಬಾರದು. ಬೆಂಕಿಯಿಲ್ಲದೆ ಬರ್ನರನ್ನು ಹೇಗಪ್ಪಾ ಪರೀಕ್ಷೆ ಮಾಡುತ್ತಾರೆ ಎಂದು ಯಾರಾದರೂ ಕೇಳಿಯಾರು. ಕೇಳುವವರಿಗೇನು, ನಾಲಿಗೆಗೆ ಮೂಳೆಯಿಲ್ಲ. ತೂಗುತ್ತಾರೆ, ಅಳೆಯುತ್ತಾರೆ, ತಟ್ಟಿ ಸದ್ದು ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ. ಇನ್ನೇನು ಮಾಡಬೇಕು?

ಈ ಸಂಸ್ಥೆ ಒಂದು ಸೋಮವಾರ ಪ್ರಕಟಣೆ ಹೊರಡಿಸಿತು.

"ಎಲ್ಲ ಹೋಟೆಲು, ಮೆಸ್ಸು ಮತ್ತು ಕ್ಯಾಂಟೀನಿನವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಅರವತ್ತು ದಿನಗಳೊಳಗಾಗಿ ಸಂಸ್ಥೆಯ ಮುದ್ರೆಯುಳ್ಳ ಬರ್ನರನ್ನೇ ಬಳಸತಕ್ಕದ್ದು. ತಪ್ಪಿದಲ್ಲಿ ಅಡುಗೆಮನೆಗೆ ಬೀಗ ಹಾಕಲಾಗುವುದು. ಸಂಸ್ಥೆಯ ಮುದ್ರೆಯುಳ್ಳ ಬರ್ನರು ಸದ್ಯಕ್ಕೆ ಒಂದೂ ಇರುವುದಿಲ್ಲ. ಸಾರ್ವಜನಿಕರು ಸಹಕರಿಸಬೇಕು."

ಪ್ರಕಟಣೆಯ ಒಂದು ಪ್ರತಿಯನ್ನು ಇನ್‌ಸ್ಪೆಕ್ಟರು ತಾವೇ ಬಂದು ಅಕ್ಕನ ಮೆಸ್ಸಿನ ಬಾಗಿಲಿಗೆ ಅಂಟಿಸಿದರು. ಅಂಟಿಸಲು ಅಂಟು ಸಾಲದೆ ಅಕ್ಕನ ಹತ್ತಿರವೇ ಎರಡು ಅಗುಳು ಅನ್ನ ಇಸಿದುಕೊಂಡರು. ಅಚ್ಚುಕೂಟದ ಹಿಂದಿನ ಓಣಿಯಲ್ಲಿರುವ ಆ ಮೆಸ್ಸಿಗೆ ಆರು ಬೆಂಚು, ಒಂದು ಕೈತೊಳೆಯುವ ತೊಟ್ಟಿ, ಮಧ್ಯಾಹ್ನಕ್ಕೆ ಸರಿಯಾಗಿ ನಲವತ್ತು ಜನ. ಹತ್ತೊಂಬತ್ತು ವರ್ಷದಿಂದ ಅಕ್ಕ ಅಲ್ಲಿ ಅನ್ನ, ಬೇಳೆ, ಪಲ್ಯ ಮಾಡಿ ಬಡಿಸುತ್ತಿದ್ದಾಳೆ. ಅವಳನ್ನು ಅಕ್ಕ ಅನ್ನದೆ ಇರುವವನು ಲೋಕದಲ್ಲಿ ಒಬ್ಬನೇ, ಅವಳ ಗಂಡ. ಅವನು ಒಲೆ ರಿಪೇರಿಯ ಮೇಸ್ತ್ರಿ. ಮೆಸ್ಸಿನ ಪಕ್ಕದಲ್ಲೇ ಕಪಾಟಿನಷ್ಟಗಲದ ಅಂಗಡಿಯಲ್ಲಿ ಕೂತು ಮೂವತ್ತು ವರ್ಷದಿಂದ ಊರವರ ಒಲೆಗಳ ಹೊಟ್ಟೆ ಬಗೆಯುತ್ತಿದ್ದ.

"ರೀ, ಊರಿನ ಒಲೆಯೆಲ್ಲ ನೆಟ್ಟಗೆ ಮಾಡ್ತೀರಿ. ನನಗೊಂದು ಬರ್ನರ್ ಮಾಡಿ ಆ ಮುದ್ರೆ ಹಾಕಿಸ್ಕೊಂಡು ಬನ್ನಿ. ಈ ಮೆಸ್ಸು ಮುಚ್ಚಿದ್ರೆ ನಾನು ಸುಮ್ನೆ ಮನೇಲಿ ಕೂತ್ಕೊಳ್ಳೋಳಲ್ಲ, ನಿಮ್ಮ ಅಂಗಡೀಲಿ ಬಂದು ಕೂತ್ಕೋತೀನಿ" ಎಂದಳು ಅಕ್ಕ.

"ಮಾಡೋದೇನು ಮಹಾ! ವಾರದ ಕೆಲಸ."

"ಮಾಡೋದಲ್ಲಪ್ಪಾ ಮಹಾರಾಯ, ಹಾಕಿಸೋದು ನೋಡಿ."

ಮೇಸ್ತ್ರಿ ನಕ್ಕ. ಬರ್ನರುಗಳು ಯಾತರಿಂದ ಸಾಯುತ್ತವೆ ಎಂದು ಅವನಷ್ಟು ತಿಳಿದವರು ಯಾರೂ ಇರಲಿಲ್ಲ. ಗಂಜಿ ಉಕ್ಕಿ ತೂತು ಮುಚ್ಚಿ ಸಾಯುತ್ತವೆ. ತೆಳು ತಗಡಿನ ಟೋಪಿ ಕಾದು ಸೊಟ್ಟಗಾಗಿ ಸಾಯುತ್ತವೆ. ಸಣ್ಣ ಸಣ್ಣ ಬಿಡಿಭಾಗ ಕಳೆದುಹೋಗಿ ಸಾಯುತ್ತವೆ. ಅದಕ್ಕೇ ಅವನು ದಪ್ಪ ಬೀಡುಕಬ್ಬಿಣದ ಒಂದೇ ಎರಕ ಹೊಯ್ಯಿಸಿ, ಮೂವತ್ತಾರು ತೂತುಗಳನ್ನು ಪಕ್ಕಕ್ಕೆ ಓರೆಯಾಗಿ ಕೊರೆದ. ಮೇಲಿಂದ ಏನು ಉಕ್ಕಿ ಸುರಿದರೂ ಒಳಗೆ ಇಳಿಯದು. ಕೆಳಗೆ ಗ್ಯಾಸು ಬಿಡಲೊಂದು ಹಿತ್ತಾಳೆಯ ಜೆಟ್ಟು, ಪಕ್ಕದಲ್ಲಿ ಗಾಳಿಗೊಂದು ಕಿಂಡಿ. ಅಷ್ಟೇ. ಎರಡೇ ಭಾಗ. ಒಂಬತ್ತನೆಯ ದಿನ ಮೆಸ್ಸಿನ ಪೈಪಿಗೆ ಸಿಕ್ಕಿಸಿ ಕಡ್ಡಿ ಗೀರಿದಾಗ ಉರಿ ಸದ್ದಿಲ್ಲದೆ ನೀಲಿಯಾಗಿ ನಿಂತಿತು. ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ದೊಡ್ಡ ಪಾತ್ರೆಯ ಅನ್ನ ಇಪ್ಪತ್ತೈದು ನಿಮಿಷಕ್ಕೆ ಬೆಂದಿತು. ತಳ ಹಿಡಿಯಲಿಲ್ಲ, ಮಸಿ ಹತ್ತಲಿಲ್ಲ. ಅಕ್ಕ ಪಾತ್ರೆಯ ತಳವನ್ನು ಬೆರಳಲ್ಲಿ ಒರೆಸಿ ನೋಡಿ, ಗಂಡನ ಕೆನ್ನೆಗೆ ಒರೆಸಿ ನೋಡಿ, ಎರಡೂ ಕಡೆ ಕಪ್ಪಿಲ್ಲದ್ದು ಕಂಡು, "ನೀವು ಇಷ್ಟು ಬುದ್ಧಿವಂತರು ಅಂತ ಮದುವೆಯಲ್ಲಿ ಯಾರೂ ಹೇಳಲೇ ಇಲ್ಲ" ಎಂದಳು. ಮೇಸ್ತ್ರಿಗೆ ಹೆಮ್ಮೆಯಿಂದ ಎದೆ ಉಬ್ಬಿಹೋಯಿತು. ಅಂದು ಅವನು ಎರಡು ಸಲ ಉಂಡ.

ಮಾರನೆಯ ದಿನ ಬರ್ನರನ್ನು ಟವೆಲಿನಲ್ಲಿ ಸುತ್ತಿಕೊಂಡು ಸಂಸ್ಥೆಗೆ ಹೋದ. ಕಾವಲುಗಾರನಿಗೆ ಬೆಂಕಿಪೊಟ್ಟಣ ಒಪ್ಪಿಸಿ, ಮೊದಲು ಸರಳತಾ ವಿಭಾಗಕ್ಕೆ ಹೋಗಬೇಕೆಂದು ತಿಳಿದುಕೊಂಡು, ಅದು ಎಲ್ಲಿದೆಯೆಂದು ಹುಡುಕುವುದರಲ್ಲಿ ಮೂರು ದಿನ ಕಳೆದ.

ಸರಳತಾಧಿಕಾರಿಗಳು ಬರ್ನರನ್ನು ಮೇಲೆ ಕೆಳಗೆ ಮಾಡಿ ನೋಡಿದರು.

"ಉಳಿದದ್ದೆಲ್ಲಿ?"

"ಇಷ್ಟೇ ಸಾರ್. ಎರಡೇ ಭಾಗ. ಸರಳವಾಗಿರ್ಲಿ ಅಂತ."

"ನೋಡೀ ಮೇಸ್ತ್ರಿ, ಸರಳ ಅಂತ ನಿಮ್ಮ ಬಾಯಲ್ಲಿ ಹೇಳಿದ್ರೆ ನಡೆಯೋಲ್ಲ. ಸರಳತಾ ಅರ್ಜಿ ಇದೆ. ಅದರಲ್ಲಿ ಭಾಗಗಳ ವಿವರಕ್ಕೆ ಹದಿನೇಳು ಕಲಮು ಇದೆ. ಯಾವ ಕಲಮನ್ನೂ ಖಾಲಿ ಬಿಡುವ ಹಾಗಿಲ್ಲ."

"ಇಲ್ಲದ ಭಾಗದ ಹೆಸರು ಹೆಂಗೆ ಬರೀಲಿ ಸಾರ್?"

"ಇಲ್ಲದ್ದನ್ನ ಬರೀಬೇಡಿ. ಅದು ಅಪರಾಧ. ಮಾಡಿ, ಆಮೇಲೆ ಬರೀರಿ."

ಕಲಮು ಕಡಿಮೆ ಮಾಡಲು ಆಗುವುದಿಲ್ಲವೇ ಎಂದು ಮೇಸ್ತ್ರಿ ಕೇಳಿದ. ಅರ್ಜಿಯನ್ನು ಸರಳಗೊಳಿಸುವ ಸಮಿತಿ ಎಂಟು ವರ್ಷದಿಂದ ಕೂತಿದೆ, ಮೊದಲು ಹನ್ನೊಂದಿದ್ದ ಕಲಮು ಹದಿನೇಳಾದದ್ದೇ ಆ ಸಮಿತಿಯಿಂದ ಎಂದು ಅಧಿಕಾರಿಗಳು ಅಭಿಮಾನದಿಂದ ತಿಳಿಸಿದರು.

ಮೇಸ್ತ್ರಿ ಅಂಗಡಿಗೆ ಬಂದು ಹದಿನೈದು ಭಾಗ ಸೇರಿಸಿದ. ಒಂದು ಮುಚ್ಚಳ, ಆ ಮುಚ್ಚಳಕ್ಕೊಂದು ಹಿಡಿ, ಯಾವುದನ್ನೂ ಬಿಗಿಯದ ನಾಲ್ಕು ನಟ್ಟು, ಎತ್ತ ತಿರುಗಿಸಿದರೂ ಏನೂ ಆಗದ ಒಂದು ತಿರುಪು, ಇತ್ಯಾದಿ. ಒಂದೊಂದನ್ನು ಸೇರಿಸುವಾಗಲೂ ಅವನಿಗೆ ಹೊಟ್ಟೆ ಉರಿಯಿತು. ಆದರೂ ಉರಿ ಇನ್ನೂ ನೀಲಿಯಾಗಿಯೇ ಇತ್ತು. ಹಾಳಾಗಲಿ, ಕೆಲಸ ಆದರೆ ಸಾಕು ಎಂದುಕೊಂಡ. ಸರಳತಾಧಿಕಾರಿಗಳು ಹದಿನೇಳು ಕಲಮಿಗೂ ಗೆರೆ ಎಳೆದು, "ಈಗ ನೋಡಿ, ಎಷ್ಟು ಸರಳವಾಯ್ತು" ಎಂದರು. ಇಪ್ಪತ್ತೊಂಬತ್ತು ದಿನ ಮುಗಿದಿತ್ತು.

ಬಾಳಿಕೆ ವಿಭಾಗದ ಮೇಡಂ ಬಹಳ ಪ್ರಾಮಾಣಿಕರು. ಅವರ ಮೇಜಿನ ಮೇಲೆ ಒಂದು ಹನಿ ಟೀ ಕೂಡ ಚೆಲ್ಲಿದ ಗುರುತಿರಲಿಲ್ಲ. ಬರ್ನರು ಹತ್ತು ವರ್ಷ ಬಾಳಬೇಕು ಎಂಬುದು ನಿಯಮ. ಬಾಳುತ್ತದೆಂದು ತಿಳಿಯಲು ಹತ್ತು ವರ್ಷ ಕಾಯಬೇಕು.

"ಅಷ್ಟು ದಿನ ಎಲ್ಲಿದೆ ತಾಯಿ? ಇನ್ನು ಒಂದು ತಿಂಗಳಲ್ಲಿ ನನ್ನ ಹೆಂಡತಿ ಮೆಸ್ಸಿಗೆ ಬೀಗ ಬೀಳುತ್ತೆ" ಎಂದ ಮೇಸ್ತ್ರಿ.

ಮೇಡಂಗೆ ನಿಜವಾಗಿಯೂ ಕನಿಕರವಾಯಿತು. ಅವರು ದೊಡ್ಡದೊಂದು ಪುಸ್ತಕ ತೆಗೆದರು. ಇಪ್ಪತ್ತೆರಡು ವರ್ಷಗಳಲ್ಲಿ ಕೆಟ್ಟುಹೋದ ಬರ್ನರುಗಳ ವಿವರವೆಲ್ಲ ಅದರಲ್ಲಿತ್ತು.

"ನಾನು ಇದನ್ನು ಮೂರು ಸಲ ಓದಿದೀನಿ ಮೇಸ್ತ್ರಿ. ಇದರಲ್ಲಿರೋ ನಾಲ್ಕು ಸಾವಿರದ ಹನ್ನೆರಡು ಬರ್ನರೂ ಉರಿಸಿದ ಮೇಲೇ ಕೆಟ್ಟಿವೆ. ಉರಿಸದೆ ಕೆಟ್ಟದ್ದು ಒಂದೂ ಇಲ್ಲ. ಇದರಿಂದ ಏನು ತಿಳೀತು?"

"ಏನು ತಾಯಿ?"

"ಬರ್ನರನ್ನು ಕೆಡಿಸೋದು ಬೆಂಕಿ."

ಮೂವತ್ತು ವರ್ಷದ ಕಸುಬಿನಲ್ಲಿ ಈ ಮಾತು ಮೇಸ್ತ್ರಿಗೆ ಹೊಳೆದಿರಲಿಲ್ಲ. ಮೂವತ್ತಾರು ತೂತನ್ನೂ ಸೀಸ ಕರಗಿಸಿ ಮುಚ್ಚಿಕೊಂಡು ಬಂದರೆ ಹತ್ತಲ್ಲ, ನೂರು ವರ್ಷದ ಬಾಳಿಕೆಗೆ ಸಹಿ ಹಾಕುವುದಾಗಿ ಮೇಡಂ ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು.

ಆ ಸಂಜೆ ಅವನು ಅಂಗಡಿಯಲ್ಲಿ ಕೂತು ತನ್ನ ಕೈಯಾರೆ ಕೊರೆದ ತೂತುಗಳನ್ನು ತನ್ನ ಕೈಯಾರೆ ಮುಚ್ಚುವುದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನ್ರೀ, ಗಂಡಾಂತರ?"

"ಸುಮ್ನಿರು ಮಾರಾಯ್ತಿ. ಮುದ್ರೆ ಬೀಳಲಿ. ಮನೆಗೆ ತಂದು ಮತ್ತೆ ಕೊರೀತೀನಿ. ಸೀಸ ಎಷ್ಟರದ್ದು?"

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಿಮಗೆ ಪೂಜಾರಿಗಳೇ ಮೂರು ಜನ ಸಿಕ್ಕಿದಾರೆ" ಎಂದು ಅಕ್ಕ ಒಳಗೆ ಹೋದಳು.

ಐವತ್ತೆಂಟನೆಯ ದಿನ ದಕ್ಷತಾ ವಿಭಾಗ. ಇಲ್ಲಿ ಕೆಲಸ ಬಹಳ ಚುರುಕು. ದಕ್ಷತಾಧಿಕಾರಿಗಳು ಬರ್ನರಿಗೆ ಸಿಲಿಂಡರು ಜೋಡಿಸಿ, ಅದರ ಮೇಲೊಂದು ಪಾತ್ರೆ ನೀರಿಟ್ಟು, ಮೀಟರು ನೋಡುತ್ತ ಒಂದು ಗಂಟೆ ನೆಟ್ಟಗೆ ಕೂತರು. ಬೆಂಕಿ ಹೊತ್ತಿಸುವಂತಿರಲಿಲ್ಲ, ಹೊತ್ತಿಸಿದರೂ ಗ್ಯಾಸು ಹೊರಬರಲು ತೂತಿರಲಿಲ್ಲ. ಮೀಟರಿನ ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಒಂದು ಗಂಟೆಯಾದ ಮೇಲೆ ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

"ಇಡೀ ಗಂಟೆ! ಒಂದು ಗ್ರಾಮ್ ಗ್ಯಾಸು ತಿಂದಿಲ್ಲ! ನಾನು ಇಂಥಾದ್ದು ನೋಡೇ ಇರಲಿಲ್ಲ ಮೇಸ್ತ್ರಿ."

"ಸಾರ್, ನೀರೂ ಕಾದಿಲ್ಲ."

"ನೀರು ನನ್ನ ವಿಭಾಗಕ್ಕೆ ಬರೋದಿಲ್ಲ."

ನಿರ್ದೇಶಕರು ಓಡಿ ಬಂದರು. ಇಪ್ಪತ್ತೆರಡು ವರ್ಷಗಳ ತಪಸ್ಸು ಫಲಿಸಿತೆಂದು ಮೇಸ್ತ್ರಿಯನ್ನು ತಬ್ಬಿಕೊಂಡರು. ಬರ್ನರಿಗೆ ಮೊದಲ ದರ್ಜೆಯ ಮುದ್ರೆ ಬಿತ್ತು. ಮುದ್ರೆಯ ಜೊತೆಗೆ ಬರ್ನರಿನ ಸುತ್ತ ತಂತಿ ಬಿಗಿದು, ಗಂಟಿಗೆ ಅರಗು ಹಾಕಿದರು. ಅರಗು ಒಡೆದರೆ, ತೂತು ಕೊರೆದರೆ, ಯಾವುದೇ ಭಾಗ ಕಳಚಿದರೆ ಮುದ್ರೆ ರದ್ದು, ಮೆಸ್ಸಿಗೆ ಬೀಗ ಎಂದು ಹಿಂದುಗಡೆ ಸಣ್ಣಕ್ಷರದಲ್ಲಿ ಬರೆದಿತ್ತು. ಅರಗನ್ನು ಕರಗಿಸಲು ಬೆಂಕಿ ಎಲ್ಲಿಂದ ತಂದರು ಎಂದು ಕೇಳುವಷ್ಟು ತ್ರಾಣ ಮೇಸ್ತ್ರಿಗೆ ಉಳಿದಿರಲಿಲ್ಲ.

ಅರವತ್ತನೆಯ ದಿನ ಇನ್‌ಸ್ಪೆಕ್ಟರು ಮೆಸ್ಸಿಗೆ ಬಂದು ಹಳೆಯ ಒಲೆಗಳನ್ನೆಲ್ಲ ಗಾಡಿಗೆ ಹೇರಿಸಿ, ಅನುಮೋದಿತ ಬರ್ನರನ್ನು ಕಟ್ಟೆಯ ಮೇಲೆ ಕೂರಿಸಿ, ಕೈ ತಟ್ಟಿದರು.

"ಸಾಹೇಬ್ರೇ, ಇದರ ಮೇಲೆ ಅನ್ನ ಹೇಗೆ ಬೇಯಿಸ್ಲಿ?" ಎಂದಳು ಅಕ್ಕ.

"ಯೋಚನೆ ಬೇಡ ಅಕ್ಕಾ. ನಿಯಮ ಹದಿನಾಲ್ಕು ಇದೆ. ಅನುಮೋದಿತ ಬರ್ನರಿನ ಮೇಲೆ ಇಪ್ಪತ್ತು ನಿಮಿಷ ಇಟ್ಟ ಪದಾರ್ಥವನ್ನು ಬೆಂದದ್ದೆಂದೇ ಪರಿಗಣಿಸತಕ್ಕದ್ದು."

"ಬೇಯದಿದ್ರೆ?"

"ಬರ್ನರಿಗೆ ಮುದ್ರೆ ಇದೆ. ಆದ್ದರಿಂದ ತಪ್ಪು ಅಡುಗೆಯವರದ್ದು. ಮೆಸ್ಸು ಮುಚ್ಚಬೇಕಾಗುತ್ತೆ." ಹಾಗೆಂದು ಇನ್‌ಸ್ಪೆಕ್ಟರು ಒಂದು ಅಭಿಪ್ರಾಯ ಪುಸ್ತಕವನ್ನು ಮೊಳೆಗೆ ನೇತುಹಾಕಿದರು. ಊಟ ಮಾಡಿದವರೆಲ್ಲ ಅದರಲ್ಲಿ ಗುರುತು ಹಾಕಬೇಕು. ಅದರಲ್ಲಿದ್ದ ಆಯ್ಕೆಗಳು ಎರಡು: ಬೆಂದಿದೆ, ಚೆನ್ನಾಗಿ ಬೆಂದಿದೆ.

ಅಕ್ಕ ಅಕ್ಕಿ ತೊಳೆದು ನೀರು ಹಾಕಿ, ಬೇಳೆ ತೊಳೆದು ನೀರು ಹಾಕಿ, ಇಪ್ಪತ್ತು ನಿಮಿಷ ಬರ್ನರಿನ ಮೇಲಿಟ್ಟು, ಮೊದಲ ತಟ್ಟೆಯನ್ನು ಇನ್‌ಸ್ಪೆಕ್ಟರಿಗೇ ಬಡಿಸಿದಳು. ನಲವತ್ತು ಜನ ಕೈ ತೊಳೆದುಕೊಂಡು ನೋಡುತ್ತಿದ್ದರು. ಇನ್‌ಸ್ಪೆಕ್ಟರು ತುತ್ತು ಬಾಯಿಗಿಟ್ಟರು. ಕಟಂ ಎಂದು ಸದ್ದಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಹೇಗಿದೆ ಸಾಹೇಬ್ರೇ?"

"ಬೆಂದಿದೆ."

"ಹಂಗಾದ್ರೆ ಇನ್ನೆರಡು ಸೌಟು ಹಾಕ್ತೀನಿ, ಸಂಕೋಚ ಮಾಡ್ಕೋಬೇಡಿ" ಎಂದು ಅಕ್ಕ ರಾಶಿ ಸುರಿದಳು. ಸಾಹೇಬರು ಎಲ್ಲವನ್ನೂ ಅಗಿದರು. ಕರ್ತವ್ಯನಿಷ್ಠೆ ಅಂದರೆ ಅದು.

ಆಮೇಲೆ ಅಚ್ಚುಕೂಟದವರ ಸರದಿ. ಅಚ್ಚಿನ ಮೊಳೆ ಜೋಡಿಸುವ ಅಣ್ಣ ಒಂದು ತುತ್ತು ತಿಂದು, ಅಕ್ಕನ ಮುಖ ನೋಡಿದ. ಹತ್ತೊಂಬತ್ತು ವರ್ಷದಿಂದ, ಜ್ವರ ಬಂದಾಗಲೆಲ್ಲ, ಗಂಜಿ ಕಾಯಿಸಿ ಕಳಿಸಿದ ಮುಖ. ಎದ್ದುಹೋಗಿ ಪುಸ್ತಕದಲ್ಲಿ 'ಚೆನ್ನಾಗಿ ಬೆಂದಿದೆ' ಎಂಬಲ್ಲಿ ಗುರುತು ಹಾಕಿ ಬಂದು ಮತ್ತೆ ಕೂತ. ಕರಡು ತಿದ್ದುವ ಮೇಷ್ಟರು ಜೀವನದಲ್ಲಿ ಒಂದು ಅಲ್ಪವಿರಾಮದ ತಪ್ಪನ್ನೂ ಬಿಟ್ಟವರಲ್ಲ. ಅವರೂ ಗುರುತು ಹಾಕಿದರು. ನಲವತ್ತೂ ಜನ ಹಾಕಿದರು. ಅಕ್ಕ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೆಸ್ಸು ಉಳಿಯಿತು.

ಮೂರನೆಯ ದಿನಕ್ಕೆ ಜನ ಅಗಿಯುವುದನ್ನು ಬಿಟ್ಟು ನುಂಗುವುದನ್ನು ಕಲಿತರು. ವಾರದೊಳಗೆ ಪಕ್ಕದ ಓಣಿಯ ನಾಲ್ಕು ಹೋಟೆಲಿನವರು ಅದೇ ಬರ್ನರಿಗಾಗಿ ಮೇಸ್ತ್ರಿಯ ಅಂಗಡಿಯ ಮುಂದೆ ಸಾಲು ನಿಂತರು. ಎರಡನೆಯ ವಾರ ಅಕ್ಕ ಅಕ್ಕಿಯನ್ನು ಬೆಳಗ್ಗೆಯೇ ನೆನೆಹಾಕಿದ್ದಕ್ಕೆ ಮೊಳೆ ಜೋಡಿಸುವ ಅಣ್ಣ ತಟ್ಟೆ ಮುಂದಕ್ಕೆ ತಳ್ಳಿ, "ಏನಕ್ಕಾ, ಇವತ್ತು ಅನ್ನ ಬೆಂದು ಮುದ್ದೆಯಾಗಿಬಿಟ್ಟಿದೆ" ಎಂದು ಗೊಣಗಿದ. ಮೇಷ್ಟರೂ ಹೌದೆಂದು ತಲೆಯಾಡಿಸಿದರು. ಅಕ್ಕ ತಪ್ಪಾಯಿತೆಂದು ಹೇಳಿ, ನಾಳೆಯಿಂದ ಹದಿನೆಂಟೇ ನಿಮಿಷ ಇಡುವುದಾಗಿ ಮಾತು ಕೊಟ್ಟಳು.

ಮೇಸ್ತ್ರಿ ಮಾತ್ರ ಅಷ್ಟೂ ದಿನ ಮೆಸ್ಸಿನ ಕಡೆ ತಲೆ ಹಾಕಿರಲಿಲ್ಲ. ಬರೀ ಟೀ, ಬನ್ನು ತಿಂದುಕೊಂಡು ಅಂಗಡಿಯಲ್ಲೇ ಇದ್ದ. ಕೊನೆಗೊಂದು ಮಧ್ಯಾಹ್ನ, ಎಲ್ಲರೂ ಉಂಡು ಹೋದ ಮೇಲೆ, ತಲೆ ತಗ್ಗಿಸಿಕೊಂಡು ಬಂದು ಬೆಂಚಿನ ಮೇಲೆ ಕೂತ. ಅಕ್ಕ ತಟ್ಟೆಯಿಟ್ಟು ಬಡಿಸಿದಳು. ಅಕ್ಕಿ ಬೆಳ್ಳಗೆ ತಣ್ಣಗೆ ಹೊಳೆಯುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳು ಸೌಟು ಹಿಡಿದು ಕಾಯುತ್ತಿದ್ದಳು, ಅವಳ ಮುಖದಲ್ಲಿ ನಗುವಿರಲಿಲ್ಲ. ಅವನು ತುತ್ತು ಕಲಸಿ, ಎತ್ತಿ, ಬಾಯಿಯ ಹತ್ತಿರ ತಂದು, ಉಫ್ ಎಂದು ಊದಿದ.

"ಮೆಲ್ಲಗೆ ರೀ, ಬಾಯಿ ಸುಟ್ಟೀತು" ಎಂದಳು ಅಕ್ಕ.

ಹೂಂ ಎಂದು ಅವನು ಇನ್ನೊಂದು ಸಲ ಊದಿಕೊಂಡು ತಿಂದ.