ಪಕ್ಕದ ಮನೆಯವರಿಗೆ ಟಗರಿನ ಟ್ಯಾಗು ಬಂದದ್ದು

ನಾನಾಗಿ ಯಾವ ತಂಟೆಗೂ ಹೋಗುವವಳಲ್ಲ. ತಂಟೆಗಳೇ ನಮ್ಮ ಮನೆ ಹುಡುಕಿಕೊಂಡು ಬರುತ್ತವೆ, ಅದರಲ್ಲಿ ಅರ್ಧ ಪಕ್ಕದ ಮನೆಯ ಬೇಲಿ ದಾಟಿಯೇ ಬರುತ್ತವೆ.

ನಾವಿರುವುದು ಅಮೆರಿಕದ ಪಶ್ಚಿಮ ತುದಿಯ ಬಾಥೆಲ್‌ನಲ್ಲಿ. ನನ್ನ ಲ್ಯಾಬು ಅಲ್ಲೇ ಕ್ಯಾನ್ಯನ್ ಪಾರ್ಕಿನಲ್ಲಿ. ನನ್ನ ಗಂಡ ಬಸ್ಸು ಹಿಡಿದು ಸೌತ್ ಲೇಕ್ ಯೂನಿಯನ್ನಿನ ಆಫೀಸಿಗೆ ಹೋಗಿ ಬರುತ್ತಾರೆ. ಪಕ್ಕದ ಮನೆಯ ಯಜಮಾನರು ಇಲ್ಲಿಯವರೇ, ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದವರು, ಎವರೆಟ್‌ನಲ್ಲಿ ವಿಮಾನಕ್ಕೆ ರೆಕ್ಕೆ ಜೋಡಿಸಿ ಜೋಡಿಸಿ ನಿವೃತ್ತರಾದವರು. ಎಪ್ಪತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡ ಒಂಟಿ ಜೀವ, ಮಾತು ಕಮ್ಮಿ. ಅವರಿಗಿದ್ದದ್ದು ಒಂದೇ ಹುಚ್ಚು. ಪರ್ವತಗಳಾಚೆ, ರಾಜ್ಯದ ಪೂರ್ವಕ್ಕೆ, ಒಣ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಅನ್ನುವ ಕಾಡುಕುರಿಗಳಿವೆ. ಗಂಡಿನ ಕೊಂಬು ನಮ್ಮ ತೋಳಿಗಿಂತ ದಪ್ಪ, ಕೆನ್ನೆಯ ಪಕ್ಕ ಒಂದು ಸುತ್ತು ಸುತ್ತಿಕೊಂಡಿರುತ್ತದೆ. ಅಂಥ ಟಗರನ್ನು ಬೇಟೆಯಾಡಲು ಸರ್ಕಾರ ವರ್ಷಕ್ಕೆ ಬೆರಳೆಣಿಕೆಯ ಜನಕ್ಕೆ ಲಾಟರಿ ಎತ್ತಿ ಅನುಮತಿ ಕೊಡುತ್ತದೆ. ಅದಕ್ಕೆ ಟ್ಯಾಗು ಅನ್ನುತ್ತಾರೆ. ಒಂದು ಜನ್ಮಕ್ಕೆ ಒಂದೇ ಟಗರು. ಯಜಮಾನರು ತಲೆಗೂದಲು ಕಪ್ಪಗಿದ್ದ ಕಾಲದಿಂದ ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದರು. ಮೊದಲು ಕಾರ್ಖಾನೆಯ ಗೆಳೆಯನೊಬ್ಬ ಜೊತೆಗಿದ್ದ. ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿ, ಒಟ್ಟಿಗೆ ಬೇಜಾರು ಮಾಡಿಕೊಳ್ಳುತ್ತಿದ್ದರಂತೆ. ಅವನು ತೀರಿಕೊಂಡ ಮೇಲೆ ಇವರೊಬ್ಬರೇ ಬೇಜಾರು ಮಾಡಿಕೊಳ್ಳುತ್ತಿದ್ದರು.

ಸಾಲು

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಅವರು ಮನೆ ಚಪ್ಪಲಿಯಲ್ಲೇ ಬಂದು ನಮ್ಮ ಬಾಗಿಲು ತಟ್ಟಿದರು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಬಾಗಿಲು ತೆಗೆದರು. ಯಜಮಾನರು ಫೋನು ಮುಂದೆ ಹಿಡಿದು ಏನೋ ಹೇಳಿ, ಕಣ್ಣೊರೆಸಿಕೊಂಡು ಹೋಗಿಬಿಟ್ಟರು. ಅತ್ತೆ ಒಳಗೆ ಬಂದು, ಪಕ್ಕದ ಮನೆಯವರಿಗೆ ಟಗರು ಬಂದಿದೆಯಂತೆ, ಪಾಪ ಎಲ್ಲಿ ಕಟ್ಟಿಹಾಕ್ತಾರೋ ಏನೋ ಅಂದರು.

ಬಂದದ್ದು ಟಗರಲ್ಲ, ಟ್ಯಾಗು. ಅಂದರೆ ಟಗರು ಹುಡುಕಲು ಒಪ್ಪಿಗೆ ಅಂತ ವಿವರಿಸಿದೆ. ಅತ್ತೆ ಸ್ವಲ್ಪ ಯೋಚಿಸಿದರು. ಇಷ್ಟು ವರ್ಷ ಕಾದು ಸಿಕ್ಕಿದ್ದು ಬರೀ ಹುಡುಕೋದಕ್ಕೆ ಒಪ್ಪಿಗೆಯೇ, ಇಂಥದ್ದಕ್ಕೂ ಇಲ್ಲಿ ಜನ ಕಾಯ್ತಾರಾ ಅಂದರು. ನಾನು ಸುಮ್ಮನೆ ನನ್ನ ಗಂಡನ ಕಡೆ ನೋಡಿದೆ. ಅವರು ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಎಷ್ಟು ವರ್ಷವಾಯಿತು ಅಂತ ನಾವು ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೇವೆ. ಬೇಲಿಯ ಆಚೆ ಈಚೆ ನಿಂತು ಯಜಮಾನರೂ ಇವರೂ ಪ್ರತಿ ವರ್ಷ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದವರು.

ಗಂಡ ಹೋಗಿ ಮನಸಾರೆ ಕೈಕುಲುಕಿ ಬಂದರು. ಬಂದವರು ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ನಿಂತರು. "ಕುರಿ ಸಾಲೂ ಮುಂದೆ ಹೋಯ್ತು ನೋಡು," ಅಂದರು.

ಅಕ್ಕಿ ಚೀಲ

ಟ್ಯಾಗು ಬಂತು, ಮಂಡಿ ಹೋಗಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದ್ದನ್ನು ಯಜಮಾನರು ಚಳಿಗಾಲಕ್ಕೆ ತಳ್ಳಿದರು. ಈ ಸಲ ಬಿಟ್ಟರೆ ಮತ್ತೆ ಸಿಗುವುದಿಲ್ಲವಲ್ಲ. ಭಾರ ಹೊತ್ತು ಹತ್ತುವ ಅಭ್ಯಾಸಕ್ಕೆ ಏನು ಒಳ್ಳೆಯದು ಅಂತ ನನ್ನನ್ನು ಕೇಳಿದಾಗ ಸೋನಾ ಮಸೂರಿಯ ಒಂದು ಚೀಲ ಎತ್ತಿ ಕೊಟ್ಟೆ. ಅಂದಿನಿಂದ ದಿನವೂ ಅದನ್ನು ಬೆನ್ನಿಗೆ ಬಿಗಿದುಕೊಂಡು ನಮ್ಮ ಬೀದಿಯ ಏರನ್ನು ಹತ್ತಿ ಇಳಿಯತೊಡಗಿದರು.

ಕೊನೆಯ ಮನೆಯ ತೆಲುಗು ಆಂಟಿ ಇದನ್ನು ಒಂದು ವಾರ ಗಮನಿಸಿದ್ದಾರೆ. ಆಮೇಲೊಂದು ದಿನ ಅವರನ್ನು ತಡೆದು, ನಮ್ಮನೆಗೂ ಒಂದು ಚೀಲ ಬೇಕಿತ್ತು, ಹಳೇ ಅಕ್ಕಿಯೇ ಇರಲಿ ಅಂದಿದ್ದಾರೆ. ಯಜಮಾನರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಇಲ್ಲ ಅನ್ನುವ ಸ್ವಭಾವ ಅವರದಲ್ಲ. ಇಂಡಿಯನ್ ಅಂಗಡಿ ಹುಡುಕಿಕೊಂಡು ಹೋಗಿ, ಅಕ್ಕಿ ತಂದು, ಏರು ಹತ್ತಿ ಮನೆ ಬಾಗಿಲಿಗೆ ಮುಟ್ಟಿಸಿದರು.

ಮರುದಿನ ಆಂಟಿ ನನಗೆ ಫೋನ್ ಮಾಡಿ, ಮನುಷ್ಯ ತುಂಬ ಒಳ್ಳೆಯವರು, ಇವರು ತೊಗರಿಬೇಳೆಯೂ ತರ್ತಾರಾ ಅಂತ ವಿಚಾರಿಸಿದರು.

ಅತ್ತೆಯ ಅಪ್ಪಣೆ

ಬೆಟ್ಟಕ್ಕೆ ಒಬ್ಬರೇ ಹೋಗುವುದು ಸರಿಯಲ್ಲ ಅಂತ ಅವರಿಗೂ ಗೊತ್ತಿತ್ತು. ಜೊತೆಗೆ ಬರಬೇಕಾಗಿದ್ದ ಗೆಳೆಯ ಇಲ್ಲ. ನಾನು ಶನಿವಾರ ಶನಿವಾರ ಬೆಟ್ಟ ಹತ್ತುವವಳು ಅಂತ ನೋಡಿದ್ದರು. ಒಂದು ಸಂಜೆ ಬೇಲಿಯ ಹತ್ತಿರ ನಿಂತು, ಕೋವಿ ಮುಟ್ಟಬೇಕಾಗಿಲ್ಲ, ದುರ್ಬೀನು ಹಿಡಿದು ನೋಡಿದರೆ ಸಾಕು, ಬರ್ತೀಯಾ ಅಂತ ಕೇಳಿದರು. ಕೇಳುವಾಗ ನನ್ನ ಮುಖ ನೋಡಲಿಲ್ಲ, ಬೇಲಿಯ ಹಲಗೆಯನ್ನೇ ನೋಡುತ್ತಿದ್ದರು. ಅದನ್ನು ನೋಡಿ ನನಗೆ ಆಗಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ.

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ವಿಷಯ ಕೇಳಿ ಅತ್ತೆ ದೇವರ ದೀಪ ಹಚ್ಚಲು ಎದ್ದು ಹೋದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಒಂದು ಕಡೆ ಜೀವ ತೆಗೆಯುವ ಕೆಲಸ. ಇನ್ನೊಂದು ಕಡೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವ ಆ ಮನುಷ್ಯ. ಹೊರಡುವ ದಿನ ಚಪಾತಿ, ಚಟ್ನಿಪುಡಿ, ಹುಳಿಯವಲಕ್ಕಿ ಎಲ್ಲ ಇಬ್ಬರಿಗೂ ಸಾಲುವಷ್ಟು ಕಟ್ಟಿ ಕೈಗಿಟ್ಟು ಹೇಳಿದರು:

"ನೋಡೋದಕ್ಕೆ ತಾನೇ ಕರೆದಿರೋದು? ಹೋಗಿ ನೋಡು. ಕಂಡರೆ ಮಾತ್ರ ಹೇಳಬೇಡ."

ಕಲ್ಲು

ಪರ್ವತ ದಾಟಿದ ಮೇಲೆ ಊರೇ ಬೇರೆ. ನಮ್ಮ ಕಡೆಯ ಹಸಿರು, ಒದ್ದೆ ಎಲ್ಲ ಮುಗಿದು, ಚಿತ್ರದುರ್ಗದ ಹೊರಗೆ ಬಂದಂತೆ ಬೋಳು ಬೆಟ್ಟ, ಕೆಳಗೊಂದು ನದಿ. ಬೆಟ್ಟದ ತುಂಬ ಕಂದು ಬಣ್ಣದ ಕಲ್ಲುಗಳು. ಕುರಿಗಳೂ ಕಂದು, ಕೆಲಸವಿಲ್ಲದಾಗ ಕಲ್ಲಿನ ಹಾಗೆಯೇ ಕೂತಿರುತ್ತವಂತೆ.

ಮೊದಲ ದಿನ ನಾನು ಹುರುಪಿನಿಂದ ಅಲ್ಲಿದೆ, ಇಲ್ಲಿದೆ ಅಂತ ತೋರಿಸಿದ್ದೇ ತೋರಿಸಿದ್ದು. ಯಜಮಾನರು ಪ್ರತಿ ಸಲವೂ ನೋಯುವ ಕಾಲು ಮಡಿಚಿ ಕೂತು, ದುರ್ಬೀನಿನಲ್ಲಿ ನೋಡಿ, ಚೆನ್ನಾಗಿದೆ, ಆದರೆ ಕಲ್ಲು ಅನ್ನುತ್ತಿದ್ದರು. ಸಂಜೆಯ ಹೊತ್ತಿಗೆ ನನಗೇ ನಾಚಿಕೆಯಾಗಿ ಬಾಯಿ ಮುಚ್ಚಿದೆ. ಆಗ ಕಂಡ ಒಂದು ಕಲ್ಲನ್ನು ಬೇಕೆಂದೇ ತೋರಿಸಲಿಲ್ಲ. ಚಪಾತಿ ಸುತ್ತಿ ಅವರಿಗೆ ಕೊಟ್ಟು ತಿರುಗಿ ನೋಡಿದರೆ ಆ ಕಲ್ಲು ಎದ್ದು ಮೈ ಕೊಡವಿಕೊಂಡು ಗುಡ್ಡದ ಆಚೆಗೆ ಹೊರಟುಹೋಯಿತು.

ಯಜಮಾನರು ಚಪಾತಿ ಅಗಿಯುತ್ತ ಅದು ಹೋದ ಕಡೆಯೇ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, ನಾಳೆಯಿಂದ ಕಲ್ಲುಗಳನ್ನೂ ಹೇಳಿಬಿಡು ಅಂದರು.

ಫೋಟೋ

ಮರುದಿನವೂ ಇಡೀ ಬೆಟ್ಟ ಅಲೆದೆವು. ಒಂದು ಬಾಲವೂ ಕಾಣಲಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಂಡು, ನನ್ನ ಭುಜ ಹಿಡಿದು, ಇಳಿಬಿಸಿಲಿನಲ್ಲಿ ಯಜಮಾನರು ಕೆಳಗೆ ಬಂದರು. ನದಿಯ ಪಕ್ಕದ ರಸ್ತೆಯಲ್ಲಿ ನಾವು ಕಾರು ನಿಲ್ಲಿಸಿದ್ದ ಜಾಗದಲ್ಲಿ ಏನೋ ಗುಂಪು. ನೋಡಿದರೆ ನಾಲ್ಕಾರು ಟಗರುಗಳು ನಮ್ಮ ಕಾರಿನ ಸುತ್ತಲೇ ಮೇಯುತ್ತಿವೆ. ಒಂದಂತೂ ಬಂಪರು ನೆಕ್ಕುತ್ತಿತ್ತು.

ರಸ್ತೆಯ ಹತ್ತಿರ ಕೋವಿ ಎತ್ತುವ ಹಾಗಿಲ್ಲ. ಅದು ಕಾನೂನು, ಕಾನೂನಿಲ್ಲದಿದ್ದರೂ ಅವರು ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ವ್ಯಾನು ನಿಲ್ಲಿಸಿಕೊಂಡಿದ್ದ ಬೆಂಗಳೂರಿನ ಸಂಸಾರವೊಂದು ನನ್ನನ್ನು ನೋಡಿ, ಕನ್ನಡದವರಾ ಅಂತ ಖುಷಿಪಟ್ಟು, ಕುರಿಗಳ ಜೊತೆ ನಮ್ಮದೊಂದು ಫೋಟೋ ತೆಗೆಸಿಕೊಡಿ ಅಂತ ಫೋನನ್ನು ಯಜಮಾನರ ಕೈಗೇ ಕೊಟ್ಟಿತು. ಅರ್ಧ ಆಯುಷ್ಯ ಇದೇ ಟಗರಿಗಾಗಿ ಕಾದ ಮನುಷ್ಯ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಗುರಿಯಿಟ್ಟು ಫೋಟೋ ತೆಗೆದರು.

ಆ ಸಂಸಾರದ ಹೆಂಗಸು ಫೋಟೋ ನೋಡಿ, "ಅಯ್ಯೋ, ಟಗರು ಕಣ್ಣು ಮುಚ್ಚಿಬಿಟ್ಟಿದೆ. ಇನ್ನೊಂದು ತೆಗೀತಾರಾ ಕೇಳಿ," ಅಂದರು.

ಹೊರುವುದು

ಮೂರನೆಯ ದಿನ ಬೆಳಗಿನ ಬಿಸಿಲು ಏರುವ ಹೊತ್ತಿಗೆ ನಾವು ಒಂದು ಬಂಡೆಯ ನೆರಳಿನಲ್ಲಿದ್ದೆವು. ಯಜಮಾನರು ಕಾಲು ಚಾಚಿ, ಟೋಪಿ ಮುಖಕ್ಕೆ ಎಳೆದುಕೊಂಡು ಕೂತಿದ್ದರು. ಎದುರಿನ ಇಳಿಜಾರಿನಲ್ಲಿ ನನಗೆ ಒಂದು ಟಗರು ಕಂಡಿತು. ಒಂಟಿ. ಕೊಂಬಿನ ತುದಿ ಸವೆದಿತ್ತು, ನಡಿಗೆಯಲ್ಲಿ ಅವಸರವಿರಲಿಲ್ಲ. ಅತ್ತೆಯ ಮಾತು ನೆನಪಾಗಿಯೋ, ಅದರ ಅಂದ ನೋಡಿಯೋ, ನನಗೆ ಬಾಯೇ ಬರಲಿಲ್ಲ. ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಹೇಳದಿದ್ದರೆ ಈ ಮನುಷ್ಯನಿಗೆ ಮೋಸ, ಹೇಳಿದರೆ ಆ ಜೀವಕ್ಕೆ. ಕೊನೆಗೆ ಮೆಲ್ಲಗೆ, ಅಲ್ಲೊಂದಿದೆ ಅಂದೆ.

"ಗೊತ್ತು. ನಿನಗಿಂತ ಮೊದಲೇ ನನಗೆ ಕಂಡಿತ್ತು," ಅಂದರು ಟೋಪಿಯ ಕೆಳಗಿನಿಂದ.

ಮತ್ತೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ. ಟೋಪಿ ಸರಿಸಿ ಹೇಳಿದರು. ಪ್ರತಿ ವರ್ಷ ಚಳಿಗಾಲ ಮುಗಿಯುತ್ತಿದ್ದ ಹಾಗೆ, ಈ ಸಲ ಸಿಗಬಹುದು ಅಂತ ಒಂದು ಆಸೆ ಚಿಗುರುತ್ತಿತ್ತಂತೆ. ಹೆಂಡತಿ ತೀರಿಕೊಂಡ ವರ್ಷವೂ ಚಿಗುರಿತು, ಗೆಳೆಯ ತೀರಿಕೊಂಡ ವರ್ಷವೂ ಚಿಗುರಿತು. "ಇವತ್ತು ಇದನ್ನ ಹೊಡೆದರೆ, ಬರೋ ವರ್ಷ ಕಾಯೋದಕ್ಕೆ ಏನಿರುತ್ತೆ?"

ನನ್ನ ಉತ್ತರಕ್ಕೆ ಕಾಯದೆ, ಇಬ್ಬರೂ ಸೇರಿ ಕಾದದ್ದಲ್ಲವಾ ಅಂತ ತಾವೇ ಗೊಣಗಿದರು. ಮಲಗಿ, ಕೋವಿಯನ್ನು ಚೀಲದ ಮೇಲೆ ಆನಿಸಿ, ಬಹಳ ಹೊತ್ತು ನೋಡಿದರು. ಒಂದೇ ಗುಂಡು. ಟಗರು ಎರಡು ಹೆಜ್ಜೆಯಿಟ್ಟು ಕುಸಿಯಿತು. ನಾವು ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಜಮಾನರು ಅದರ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಗೆಳೆಯನ ಹೆಸರನ್ನು ಒಂದು ಸಲ ಹೇಳಿದರು. ನಾನು ಬೇರೆ ಕಡೆ ತಿರುಗಿ ನಿಂತು ಕಣ್ಣೀರು ಹಾಕಿದೆ.

ಟಗರನ್ನು ಸುಲಿದು, ಮಾಂಸ ಹಸನು ಮಾಡಿ ಚೀಲಗಳಿಗೆ ತುಂಬಿದ ಮೇಲೆ ನೋಡಿದರೆ, ಅವರ ಮಂಡಿಗೆ ಅಷ್ಟು ಭಾರ ಆಗುವ ಮಾತಾಗಿರಲಿಲ್ಲ. ನನ್ನನ್ನು ಕೇಳಲು ಅವರಿಗೆ ಸಂಕೋಚ. ನಾನೇ ದೊಡ್ಡ ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡೆ. ನಿಮ್ಮ ಮನೆಯವರು ಏನಂದುಕೊಳ್ತಾರೆ ಅಂತ ಅವರು ಕೇಳಿದಾಗ ಹೇಳಿದೆ: ನಮ್ಮಲ್ಲಿ ತಿನ್ನುವುದಕ್ಕೆ ನಿಷೇಧ, ಹೊರುವುದಕ್ಕೆ ಇದೆ ಅಂತ ಯಾರೂ ಹೇಳಿಕೊಟ್ಟಿಲ್ಲ.

ಗೊಂಬೆ

ನಾವು ಮರಳಿದ ಹೊತ್ತಿಗೆ ದಸರೆ ಶುರುವಾಗಿತ್ತು. ಅತ್ತೆ ಸೀರೆಗಳಲ್ಲಿ ಸುತ್ತಿ ತಂದಿದ್ದ ಪಟ್ಟದ ಗೊಂಬೆಗಳನ್ನು ಹೊರತೆಗೆದು, ರಟ್ಟಿನ ಪೆಟ್ಟಿಗೆಗಳ ಮೆಟ್ಟಿಲು ಕಟ್ಟಿ, ಗೊಂಬೆ ಕೂರಿಸಿದ್ದರು. ಊರಿನ ಕನ್ನಡದವರನ್ನೆಲ್ಲ ಕರೆದಿದ್ದರು. ಪಕ್ಕದ ಮನೆಯಲ್ಲಿ ಮಾಂಸ ಫ್ರೀಜರಿಗೆ ಹೋಗಿ, ಕೊಂಬಿನ ಬುರುಡೆ ಮಾತ್ರ ಗರಾಜಿನ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ ಕೂತಿತ್ತು. ಗರಾಜಿನ ಬಾಗಿಲು ತೆರೆದಿತ್ತು.

ಮೊದಲ ಸಂಸಾರ ಕಾರಿಳಿದದ್ದೇ ಕೊಂಬು ನೋಡಿ ಆ ಕಡೆ ನಡೆಯಿತು. ಎರಡನೆಯದೂ ಹಾಗೇ. ರೇಷ್ಮೆ ಸೀರೆ, ಜುಬ್ಬಗಳೆಲ್ಲ ಗರಾಜಿನಲ್ಲಿ ಸೆಲ್ಫಿಗೆ ನಿಂತಿದ್ದವು. ಅತ್ತೆ ಉಸಲಿಯ ಪಾತ್ರೆ ಮುಂದಿಟ್ಟುಕೊಂಡು ಗೊಂಬೆಗಳ ಜೊತೆ ಒಬ್ಬರೇ ಕೂತಿದ್ದರು. ಕೊನೆಗೆ ಎದ್ದು ತಾವೇ ಗರಾಜಿಗೆ ನಡೆದರು. ನಾನು ಹಿಂದೆಯೇ ಓಡಿದೆ.

ಅತ್ತೆ ಕೊಂಬಿನ ಮೇಲಿನ ಗೆರೆಗಳ ಮೇಲೆ ಬೆರಳಾಡಿಸಿದರು. ಒಂದೊಂದು ಗೆರೆ ಒಂದೊಂದು ವರ್ಷ ಅಂತ ಯಜಮಾನರು ಹೇಳಿದರು. ತುಂಬ ನರಳಿತಾ ಅಂತ ಅತ್ತೆ ನನ್ನ ಮೂಲಕ ಕೇಳಿಸಿದರು. ಇಲ್ಲ ಅಂದರು ಯಜಮಾನರು. ಕೊನೆಗೆ ಯಾರಾದರೂ ಹತ್ತಿರ ಇದ್ದರಾ ಅಂತ ಕೇಳಿದರು. ನಾವು ಮುಟ್ಟುವಷ್ಟರಲ್ಲಿ ಮುಗಿದಿತ್ತು, ಆಮೇಲೆ ಇವರು ಕುತ್ತಿಗೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು ಅಂದೆ. ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ, ನಾನು ಹೇಳೋದನ್ನ ಸರಿಯಾಗಿ ಇಂಗ್ಲಿಷಿಗೆ ಮಾಡು ಅಂದರು. "ಇದನ್ನ ನೋಡೋಕೆ ಬರೋರು ಮೊದಲು ನಮ್ಮನೆ ಗೊಂಬೆ ನೋಡಿ ಬಂದಿರಬೇಕು. ನೋಡಿದವರಿಗೆ ನಾನು ಕುಂಕುಮ ಇಟ್ಟು ಕಳಿಸ್ತೀನಿ. ಹಣೆ ನೋಡಿ ಒಳಗೆ ಬಿಡಿ."

ಯಜಮಾನರು ಗರಾಜಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಕಟ್ಟುನಿಟ್ಟಾದ ಮನುಷ್ಯ, ಯಾರನ್ನೂ ಬಿಡಲಿಲ್ಲ. ಮರುದಿನ ಎವರೆಟ್ ಕಾರ್ಖಾನೆಯ ಅವರ ಹಳೇ ಸಂಗಾತಿಗಳು ಟಗರು ನೋಡಲು ಬಂದರು. ಅವರನ್ನೂ ನಮ್ಮ ಮನೆಗೆ ಕಳಿಸಿದರು. ಆ ಆಜಾನುಬಾಹುಗಳು ಬೂಟು ಬಿಚ್ಚಿ, ಕಾರ್ಪೆಟ್ಟಿನ ಮೇಲೆ ಸಾಲಾಗಿ ಕೂತು, ಉಸಲಿ ತಿಂದು, ಜಂಬೂಸವಾರಿಯ ವಿವರಣೆಯನ್ನು ಕನ್ನಡದಲ್ಲೇ ಕೇಳಿ, ಟೋಪಿ ಹಿಂದಕ್ಕೆ ಸರಿಸಿ ಹಣೆಗೆ ಕುಂಕುಮ ಇಡಿಸಿಕೊಂಡು ಹೋದರು. ಅತ್ತೆಯ ಮುಖ ನೋಡಬೇಕಿತ್ತು.

ಆ ಸಂಜೆ ನನ್ನ ಗಂಡ ಬಸ್ಸಿಳಿದು, ಇಷ್ಟು ಜನ ನೋಡಿದ್ದನ್ನು ನಾನಿನ್ನೂ ಸರಿಯಾಗಿ ನೋಡೇ ಇಲ್ಲ ಅಂತ ನೇರ ಗರಾಜಿಗೆ ಹೋದರು. ಯಜಮಾನರು ಅವರ ಬೋಳು ಹಣೆಯನ್ನು ಒಮ್ಮೆ ನೋಡಿ ಕೈ ಅಡ್ಡ ಚಾಚಿದರು. ಅದು ನನ್ನ ಸ್ವಂತ ಮನೆಯ ಗೊಂಬೆ, ಕೂರಿಸಿರೋದು ನನ್ನ ತಾಯಿ, ಆ ರಟ್ಟಿನ ಪೆಟ್ಟಿಗೆಗಳನ್ನ ಹೊತ್ತು ತಂದವನೇ ನಾನು ಅಂತ ನನ್ನ ಗಂಡ ವಾದ ಮಾಡಿದರು. ಚಾಚಿದ ಕೈ ಅಲ್ಲಾಡಲಿಲ್ಲ.

"ಮೊದಲು ಗೊಂಬೆ," ಅಂದರು ಯಜಮಾನರು, ಸ್ವಚ್ಛ ಕನ್ನಡದಲ್ಲಿ.