ಕದಿರಪ್ಪನ ಕೊಟ್ಟಿಗೆ ತುಂಬಿತು

ಸರ್ಕಾರ ಹಾಕಿಸಿಕೊಡುವ ಗೋಬರ್ ಗ್ಯಾಸು ಬೇಕೆಂದರೆ ನಾಲ್ಕು ದನವಾದರೂ ಇರಬೇಕಂತೆ. ಕದಿರಪ್ಪನಿಗಿದ್ದದ್ದು ಎರಡೇ ಹಸು. ಕಾಮಸಮುದ್ರದ ಕಡೆಯ ಅವನ ಹಳ್ಳಿಗೆ ಸಾಹೇಬರು ಜೀಪಿನಲ್ಲಿ ಬಂದು ದನ ಎಣಿಸುವ ದಿನ ಅಂದೇ. ಹೆಂಡತಿ ಮುನಿರತ್ನಮ್ಮನ ಕಣ್ಣು ಒಲೆಯ ಹೊಗೆಗೆ ಕೆಂಡದಂತಾಗಿತ್ತು. ಹೀಗೇ ಊದುತ್ತಾ ಕೂತರೆ ಕಣ್ಣೇ ಹೋದೀತು ಎಂದು ಬಂಗಾರಪೇಟೆಯ ಡಾಕ್ಟರು ಹೆದರಿಸಿ ಕಳಿಸಿದ್ದರು. ಪಾಪ, ಕದಿರಪ್ಪ ಬೆಳಗಿನ ಮುದ್ದೆಯನ್ನೂ ಬಿಟ್ಟು ಎದ್ದ.

ಪಕ್ಕದ ಮನೆಯ ಕೋದಂಡಪ್ಪನ ಬಳಿಗೆ ಹೋಗಿ ಗುಟ್ಟಾಗಿ ಕೇಳಿದ: "ಅಣ್ಣಾ, ಒಂದೊತ್ತಿನ ಮಟ್ಟಿಗೆ ನಿನ್ನ ಜೋಡಿ ಎತ್ತು ನಮ್ ಕೊಟ್ಟಿಗ್ಯಾಗೆ ಕಟ್ಕೊಂತೀನಿ. ಯಾರ್ಗೂ ಏಳ್ಬೇಡ."

"ಅದಕ್ಯಾಕ್ಲಾ ಇಷ್ಟು ಎದುರ್ಕೊಂತೀಯ? ಇಡ್ಕೊಂಡೋಗು."

ಕೋದಂಡಪ್ಪನ ಬಾಯಲ್ಲಿ ಗುಟ್ಟು ನಿಲ್ಲುವುದುಂಟೆ? ಸ್ವಲ್ಪ ಹೊತ್ತಿಗೆಲ್ಲ ಊರಿಗೆ ಊರೇ ಉಪಕಾರಕ್ಕೆ ಎದ್ದಿತು. "ರತ್ನಿ ಕಣ್ಣು ಉಳೀಲಪ್ಪಾ" ಎನ್ನುತ್ತಾ ಎದುರು ಮನೆಯ ಅಕ್ಕಯ್ಯಮ್ಮ ಎಮ್ಮೆ ಎಳೆದು ತಂದಳು. ಬಚ್ಚಪ್ಪ ಕರು ಸಮೇತ ಎರಡು ಹಸು ನೂಕಿದ.

"ಸಾಕು ಕಣ್ರಪ್ಪೋ, ನಿಲ್ಸ್ರೋ!" ಕದಿರಪ್ಪ ಕೈ ಮುಗಿದ.

"ಎಚ್ಚಿದ್ರೆ ತಪ್ಪೇನ್ಲಾ?" ಎಂದು ಅವನನ್ನೇ ಗದರಿಸಿದರು. ಕೊಟ್ಟಿಗೆ ತುಂಬಿ, ಬಾಗಿಲ ಕಂಬಕ್ಕೂ ಒಗೆಯುವ ಕಲ್ಲಿಗೂ ದನ ಕಟ್ಟಿ, ಮನೆ ಮುಂದೆ ಸಂತೆ ನೆರೆದಂತಾಯಿತು. ಒಂದಷ್ಟನ್ನಾದರೂ ಬಿಚ್ಚಿ ಓಡಿಸೋಣವೆನ್ನುವಷ್ಟರಲ್ಲಿ ಜೀಪು ಬಂದೇಬಿಟ್ಟಿತು.

ಸಾಹೇಬರು ಒಂದು ಕಡೆಯಿಂದ ಎಣಿಸತೊಡಗಿದರು. ಅಷ್ಟರಲ್ಲಿ ಎಮ್ಮೆ ಹಗ್ಗ ಕಿತ್ತು ನೆಟ್ಟಗೆ ಅಕ್ಕಯ್ಯಮ್ಮನ ಮನೆ ಕಡೆ ಓಟ ಕಿತ್ತಿತು. ಕದಿರಪ್ಪ ಬೆವರಿಳಿಸುತ್ತಾ ಅದನ್ನು ಎಳೆದು ತಂದ.

"ಇಷ್ಟೂ ನಿಮ್ದೇನಾ?"

ಅಲ್ಲವೆಂದರೆ ಉಳಿಯುವುದು ಎರಡೇ. ಕದಿರಪ್ಪ ಕಣ್ಣು ಮುಚ್ಚಿ, "ಊಂ ಸಾಮೀ" ಎಂದ.

"ಹಂಗಾದ್ರೆ ನೀವು ಭಾರೀ ಕುಳ ಕಣ್ರೀ! ಇದು ಸಣ್ಣ ರೈತರಿಗೆ ಬಂದಿರೋ ಸ್ಕೀಮು" ಎಂದು ಸಾಹೇಬರು ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು.

ಕದಿರಪ್ಪನಿಗೆ ಅಳುವೇ ಬಂತು. ಸಾಹೇಬರು ಮಾತ್ರ ಊರೊಳಗೆ ನಡೆದರು. ಯಾರ ಕೊಟ್ಟಿಗೆ ನೋಡಿದರೂ ಖಾಲಿ. "ಛೆ, ದನವೆಲ್ಲ ಒಬ್ಬನ ಹತ್ತಿರವೇ!" ಎಂದು ಮರುಗಿ, ಮಿಕ್ಕ ಮನೆಗಳಿಗೆಲ್ಲ ಒಂದೊಂದು ಸೀಮೆಹಸು ಕೊಡಿಸುವುದಾಗಿ ಹೇಳಿ ಜೀಪು ಹತ್ತಿದರು.

ಕದಿರಪ್ಪ ಕೋದಂಡಪ್ಪನ ಬಾಗಿಲಿಗೆ ಓಡಿದ. "ಅಣ್ಣಾ, ಎತ್ತು ಬಿಚ್ಕೊಂಡೋಗು. ಇದ್ದಬದ್ದ ಮೇವೆಲ್ಲ ಮುಗಿಸ್ತಾ ಅವೆ!"

"ಮೆಲ್ಲಗ್ ಮಾತಾಡ್ಲಾ! ಸಾಹೇಬ್ರು ಇನ್ನೊಂದ್ಸಲ ನೋಡೋಕೆ ಬತ್ತಾರಂತೆ. ಸೀಮೆಹಸು ಬರೋಗಂಟ ಊರ್ ದನ ಎಲ್ಲಾ ನಿನ್ ತಾವ್ಲೇ ಇರ್ಲಿ, ಒಟ್ಟೆ ತುಂಬಾ ಮೇವಾಕು" ಎಂದ ಕೋದಂಡಪ್ಪ, ಅವನ ಬೆನ್ನು ತಟ್ಟುತ್ತಾ. "ಸಗಣಿ ಬೇಕಾರೆ ನೀನೇ ಮಡಿಕ್ಕೊ, ನಾವ್ಯಾರೂ ಕೇಳಲ್ಲ."