ನಾಲ್ಕೂವರೆಯ ಫೋನು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ. ಹಲ್ಲು ಕೀಳಿಸಲು ಅಣ್ಣಿಗೇರಿಗೆ ಹೋದಾಗಲೂ, ಬಾಯಿಗೆ ಹತ್ತಿ ತುರುಕುವ ಮೊದಲೇ ಡಾಕ್ಟರರಿಗೆ ಹೇಳಿ ಮುಗಿಸಿದ್ದೆ. ಹೀಗಾಗಿ ಮಗಳು ಅಶ್ವಿನಿ ಎಸ್ಸೆಸ್ಸೆಲ್ಸಿಗೆ ಬಂದಾಗ ಅವಳ ನಿದ್ದೆ ಕೆಡಿಸುವ ಜವಾಬ್ದಾರಿಯನ್ನು ಹೆಮ್ಮೆಯಿಂದ ನಾನೇ ಹೊತ್ತುಕೊಂಡೆ.

ನಮ್ಮೂರ ಶಾಲೆಯ ಗಣಿತದ ಮಾಸ್ತರರದೊಂದು ಪದ್ಧತಿ. ಬೆಳಗಿನ ನಾಲ್ಕೂವರೆಗೆ ಹತ್ತನೆಯ ತರಗತಿಯ ಮಕ್ಕಳ ಮನೆಮನೆಗೆ ಫೋನು. "ಎದ್ದಾಳೇನ್ರಿ?" "ಎದ್ದಾಳ್ರಿ ಸರ್." "ಫೋಟೋ ಹಾಕ್ರಿ." ಓದುತ್ತಿರುವ ಫೋಟೋ ಪಾಲಕರ ವಾಟ್ಸಾಪ್ ಗುಂಪಿಗೆ ಬೀಳಬೇಕು. ಮೊದಲು ಬಿದ್ದ ಫೋಟೋಕ್ಕೆ ಮಾಸ್ತರರ ಹೆಬ್ಬೆರಳು. ಆ ಹೆಬ್ಬೆರಳಿನ ಆಸೆಗೆ ನಾನು ನಿದ್ದೆಯಲ್ಲಿದ್ದ ಮಗಳನ್ನು ಮೆಣಸಿನಕಾಯಿ ಚೀಲಕ್ಕೆ ಆನಿಸಿ ಕೂಡ್ರಿಸಿ, ಕೈಯಲ್ಲಿ ವಿಜ್ಞಾನ ಹಿಡಿಸಿ ಫೋಟೋ ಹೊಡೆಯುತ್ತಿದ್ದೆ. ಕಣ್ಣು ಮುಚ್ಚಿದ್ದರೆ ಕೆಳಗೆ "ಬಾಯಿಪಾಠ ನಡೆದಿದೆ" ಎಂದು ಬರೆದರಾಯಿತು. ಒಂದು ದಿನ ಪುಸ್ತಕ ಉಲ್ಟಾ ಇತ್ತು. ಅದಕ್ಕೂ ಹೆಬ್ಬೆರಳು ಬಂತು!

ದೀಪಾವಳಿ ಕಳೆಯುವಷ್ಟರಲ್ಲಿ ಅಶ್ವಿನಿ ಬಾಡಿಹೋದಳು. ಗಣಿತದಲ್ಲಿ ತರಗತಿಗೇ ಮೊದಲಿದ್ದವಳು, ಏಳೆಂಟಲೆ ಎಷ್ಟೆಂದರೆ ಗೋಡೆ ನೋಡುತ್ತಿದ್ದಳು. ಒಂದು ಮುಂಜಾನೆ ಪಾಟಿಚೀಲವನ್ನು ಮೂಲೆಗೆ ಎಸೆದು, "ಅಪ್ಪಾ, ನಾ ನಾಳಿಂದ ಸಾಲಿಗೆ ಹೋಗಂಗಿಲ್ಲ. ಹೊಲಕ್ಕ ಕಳಸು, ಕಸಾ ತೆಗಿತೀನಿ. ಅಲ್ಲೆ ಬದುವಿನ ಮ್ಯಾಲರ ಮಲಗಾಕ ಬಿಡ್ತಾರ" ಅಂದಳು.

ಮನೆತನದ ಎರಡನೆಯ ಪದವಿ ಬದುವಿನ ಮೇಲೆ ಮಲಗಲು ಹೊರಟಿದೆ! "ನಾ ನಾಲ್ಕಕ್ಕ ಎದ್ದು ಓದಿ ಬಿ.ಎ..." ಎಂದು ಶುರುಮಾಡಿದೆ. ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಕೈ ನಿಲ್ಲಿಸಿದಳು. "ಯಾವಾಗ ಎದ್ದಿದ್ದೀಲೇ ನೀ? ಪುಸ್ತಕದ ಮ್ಯಾಲೆ ಜೊಲ್ಲು ಸುರಿಸಿ ಮಲಗಿರ್ತಿದ್ದಿ. ಕೌದಿ ಹೊಚ್ಚಿ ದೀಪಾ ಆರಿಸಿದಾಕಿ ನಾನ. ಸುಮ್ಮನ ಹುಡುಗಿನ್ನ ಮಲಗಾಕ ಬಿಡು." ಹೆಂಡತಿ ಹಿಟ್ಟಿನ ಡಬ್ಬಿಯಲ್ಲಿ ಮುಖ ಇಟ್ಟು ನಕ್ಕಳು.

ಮರುದಿನ ಫೋನು ಬಂದಾಗ ಗಟ್ಟಿಮನಸ್ಸು ಮಾಡಿ, "ಮಲಗ್ಯಾಳ್ರಿ ಸರ್. ಎಬ್ಬಸಂಗಿಲ್ಲ. ಫೋಟೋನೂ ಇಲ್ರಿ" ಅಂದೆ. ಆ ಕಡೆಯಿಂದ ಉದ್ದನೆಯದೊಂದು ಆಕಳಿಕೆ.

"ಹಂಗಾರ... ನಾನೂ ಮಲಗ್ಲೇನ್ರಿ?"

"ಮಲಗ್ರಿ ಸರ್." ಪದವೀಧರನ ಗತ್ತಿನಿಂದ ಅಪ್ಪಣೆ ಕೊಟ್ಟೆ.

ಅಶ್ವಿನಿ ಏಳಕ್ಕೆ ತಾನೇ ಎದ್ದಳು. ಮೂರು ರೊಟ್ಟಿ ತಿಂದು, ಯಾರೂ ಹೇಳದೆ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, "ಅಪ್ಪಾ, ನೀನೂ ಒಂದೀಟು ಮಲಕೋ, ಮಾರಿ ನೋಡು ಹೆಂಗಾಗೇತಿ" ಅಂದಳು. ಇಷ್ಟು ಕಲಿತ ಮಗಳ ಮಾತು ತೆಗೆದುಹಾಕಲಾದೀತೆ? ಮಲಗೆದ್ದು ಕೆಲಸಕ್ಕೆ ಪಂಚಾಯ್ತಿ ಕಚೇರಿಗೆ ಹೋದಾಗ ಹನ್ನೆರಡಾಗಿತ್ತು. ಯಾಕೆ ತಡವೆಂದು ಸಾಹೇಬರು ಕೇಳಿದರು.

"ಮಗಳ ಎಸ್ಸೆಸ್ಸೆಲ್ಸಿ ಐತ್ರಿ" ಅಂದೆ.